ದತ್ತು ಮಗು ಮತ್ತು ಮನೆಯೊಳಗಿನ ಕ್ಯಾಮೆರಾ



ಒಂದು ಮಗುವನ್ನು ದತ್ತು ತೆಗೆದುಕೊಂಡವರು ಅದನ್ನು ಮತ್ತೊಬ್ಬರಿಗೆ ಒಪ್ಪಿಸಿಬಿಡಬಹುದೇ? ಮಗುವಿಗೆ ವಿಶೇಷ ಆರೈಕೆ ಬೇಕು ಎಂಬುದು ಅದಕ್ಕೆ ಸಾಕಾದ ಕಾರಣವೇ? ಅದಕ್ಕೂ ಮೊದಲು ಅದೇ ಮಗುವಿನ ದಿನಚರಿಯನ್ನು ಲಕ್ಷಾಂತರ ಜನರಿಗೆ ತೋರಿಸಿ, ಅದರಿಂದ ಸಂಪಾದನೆಯನ್ನೂ ಮಾಡಿದ್ದರೆ ಆಗ ಏನು ಹೇಳಬೇಕು? ಇಂದು ಈ ಪ್ರಶ್ನೆಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. 2020ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಒಂದು ಮನೆಯಿಂದ ಹೊರಟು, ಜಗತ್ತಿನ ಅನೇಕ ಕಡೆ ಚರ್ಚೆಯಾದ ಪ್ರಶ್ನೆಗಳು ಇವು. ನಾನು ಕಲಿತದ್ದು ವಿಜ್ಞಾನ. ಮಾಡುತ್ತಿರುವ ಕೆಲಸ ದೂರದರ್ಶನ ಕಾರ್ಯಕ್ರಮಗಳ ತಯಾರಿಕೆ. ಈ ವಿಷಯವನ್ನು ಯೋಚಿಸಲು ಎರಡರ ಸಹಾಯವೂ ಬೇಕಾಗುತ್ತದೆ.

ಮೊದಲು ನಡೆದದ್ದೇನು ಎಂಬುದನ್ನು ನೋಡೋಣ. ಮೈಕಾ ಸ್ಟಾಫರ್ ಮತ್ತು ಜೇಮ್ಸ್ ಸ್ಟಾಫರ್ ಎಂಬ ದಂಪತಿ ಯೂಟ್ಯೂಬಿನಲ್ಲಿ ಪ್ರಸಿದ್ಧರಾಗಿದ್ದರು. ಮೈಕಾ ಅವರ ಚಾನೆಲ್ಲಿಗೆ ಏಳು ಲಕ್ಷಕ್ಕೂ ಹೆಚ್ಚು ಚಂದಾದಾರರಿದ್ದರು. ಬೆಳಗಿನ ತಿಂಡಿ, ಮಕ್ಕಳ ಪಾಠ, ಮನೆ ಒಪ್ಪಗೊಳಿಸುವುದು, ಹೆರಿಗೆ, ಹಬ್ಬ ಎಲ್ಲವೂ ಅಲ್ಲಿ ಕಾರ್ಯಕ್ರಮ. ಮನೆಯವರ ಬದುಕನ್ನೇ ಹೀಗೆ ಧಾರಾವಾಹಿಯಂತೆ ತೋರಿಸುವ ಬಗೆಗೆ ಫ್ಯಾಮಿಲಿ ವ್ಲಾಗ್ ಎಂದು ಹೆಸರು. ಜಾಹೀರಾತಿನಿಂದಲೂ, ವಸ್ತುಗಳನ್ನು ಬಳಸಿ ತೋರಿಸಿ ಎಂದು ಕಂಪನಿಗಳು ಕೊಡುವ ಹಣದಿಂದಲೂ ಇಂತಹವರಿಗೆ ಆದಾಯ ಬರುತ್ತದೆ. ಇವರನ್ನೇ ಇನ್‌ಫ್ಲುಯೆನ್ಸರ್‌ಗಳು ಎಂದು ಕರೆಯುತ್ತಾರೆ.

ಈ ದಂಪತಿ 2017ರ ಅಕ್ಟೋಬರಿನಲ್ಲಿ ಚೀನಾಕ್ಕೆ ಹೋಗಿ, ಇನ್ನೂ ಮೂರು ವರ್ಷ ತುಂಬದ ಒಬ್ಬ ಗಂಡುಮಗುವನ್ನು ದತ್ತು ತಂದರು. ತರುವ ಮೊದಲೇ ಆ ಪ್ರಯತ್ನದ ಪ್ರತಿ ಹಂತವನ್ನೂ ವೀಡಿಯೊ ಮಾಡಿ ತೋರಿಸಿದ್ದರು. ದತ್ತಿನ ಖರ್ಚಿಗೆಂದು ವೀಕ್ಷಕರಿಂದ ಹಣ ಕೇಳಿದ ರೀತಿಯೂ ವರದಿಯಾಗಿದೆ. ಸಾವಿರ ತುಂಡುಗಳ ಒಂದು ಜೋಡಣೆ ಚಿತ್ರ. ಐದು ಡಾಲರ್ ಕೊಟ್ಟರೆ ಒಂದು ತುಂಡು. ತುಂಡುಗಳು ಸೇರುತ್ತ ಹೋದಂತೆ ಮಗುವಿನ ಮುಖ ಕಾಣುತ್ತದೆ. ಮಗುವನ್ನು ಮೊದಲ ಬಾರಿ ಎತ್ತಿಕೊಂಡ ದಿನದ ವೀಡಿಯೊವನ್ನು 50 ಲಕ್ಷಕ್ಕೂ ಹೆಚ್ಚು ಬಾರಿ ಜನ ನೋಡಿದರು. ಮುಂದೆ ಮಗುವಿನ ಚಿಕಿತ್ಸೆ, ಅಳು, ನಗು, ಹಟ ಎಲ್ಲವೂ ಆ ಚಾನೆಲ್ಲಿನ ಭಾಗವಾದವು.

2020ರ ಮೊದಲ ತಿಂಗಳುಗಳಲ್ಲಿ ಮಗು ವೀಡಿಯೊಗಳಲ್ಲಿ ಕಾಣುವುದು ನಿಂತಿತು. ವೀಕ್ಷಕರು ಕೇಳತೊಡಗಿದರು. ಮೇ ತಿಂಗಳ ಕೊನೆಯ ವಾರ ದಂಪತಿ ಒಂದು ವೀಡಿಯೊ ಹಾಕಿ, ಮಗುವಿನ ಅಗತ್ಯಗಳು ತಮಗೆ ಮೊದಲು ತಿಳಿಸಿದ್ದಕ್ಕಿಂತ ಬಹಳ ಹೆಚ್ಚಾಗಿದ್ದವೆಂದೂ, ವೈದ್ಯಕೀಯ ತಜ್ಞರ ಸಲಹೆ ಪಡೆದು ಮಗುವನ್ನು ಬೇರೊಂದು ಕುಟುಂಬಕ್ಕೆ ಒಪ್ಪಿಸಿದ್ದೇವೆಂದೂ ಹೇಳಿದರು. ಆ ಹೊಸ ತಾಯಿಗೆ ವೈದ್ಯಕೀಯ ತರಬೇತಿ ಇದೆ ಎಂದೂ ತಿಳಿಸಿದರು. ಭಾರೀ ಕೋಲಾಹಲವಾಯಿತು. ಡೆಲವೇರ್ ಕೌಂಟಿಯ ಷೆರಿಫ್ ಕಚೇರಿ, ಅಂದರೆ ಅಲ್ಲಿನ ಪೊಲೀಸರು, ವಿಚಾರಣೆ ನಡೆಸಿ, ಮಗು ಕಾಣೆಯಾಗಿಲ್ಲವೆಂದು ಖಚಿತಪಡಿಸಿಕೊಂಡು, ಯಾವ ಮೊಕದ್ದಮೆಯನ್ನೂ ಹೂಡದೆ ಕಡತ ಮುಚ್ಚಿದರು. ಜೂನ್‌ನಲ್ಲಿ ಮೈಕಾ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಮಗು ಇದ್ದ ವೀಡಿಯೊಗಳಿಂದ ಬಂದದ್ದು ಅಲ್ಪ ಹಣ, ಅದಕ್ಕಿಂತ ಹೆಚ್ಚು ಅವನ ಆರೈಕೆಗೇ ಖರ್ಚಾಯಿತು ಎಂದೂ ಹೇಳಿದರು. 2025ರಲ್ಲಿ ಈ ಪ್ರಕರಣದ ಬಗ್ಗೆ ಅಮೆರಿಕದ ಎಚ್‌ಬಿಓ ಸಂಸ್ಥೆ ಮೂರು ಭಾಗಗಳ ಸಾಕ್ಷ್ಯಚಿತ್ರವೊಂದನ್ನು ಪ್ರಸಾರ ಮಾಡಿತು.

ಇಲ್ಲಿ ಒಂದು ಮಾತು. ದಂಪತಿಯ ಹೆಸರು ಹೇಳಿದೆ. ಅವರು ತಾವಾಗಿಯೇ ಸಾರ್ವಜನಿಕ ಜೀವನಕ್ಕೆ ಬಂದವರು. ಮಗುವಿನ ಹೆಸರನ್ನಾಗಲಿ, ಅವನಿಗಿದ್ದ ತೊಂದರೆಯ ವೈದ್ಯಕೀಯ ವಿವರವನ್ನಾಗಲಿ ಹೇಳುವುದಿಲ್ಲ. ಅವು ಎಲ್ಲ ಕಡೆ ಪ್ರಕಟವಾಗಿವೆ ಎಂಬುದು ನಿಜ. ಪ್ರಕಟವಾಗಿದೆ ಎಂದ ಮಾತ್ರಕ್ಕೆ ನಾವೂ ಮತ್ತೊಮ್ಮೆ ಹೇಳಬೇಕೆಂದೇನೂ ಇಲ್ಲ. ಯಾಕೆ ಎಂಬುದು ಮುಂದೆ ನಿಮಗೆ ತಿಳಿಯುತ್ತದೆ.

ಈ ಪ್ರಕರಣದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ದತ್ತು ಮಗುವನ್ನು ಬಿಟ್ಟುಕೊಟ್ಟದ್ದು ಸರಿಯೇ ಎಂಬುದು ಒಂದು. ಮಗುವಿನ ಬದುಕನ್ನು ಪ್ರದರ್ಶನಕ್ಕಿಟ್ಟದ್ದು ಸರಿಯೇ ಎಂಬುದು ಇನ್ನೊಂದು. ಜನ ಬಹುಮಟ್ಟಿಗೆ ಮೊದಲನೆಯದರ ಬಗ್ಗೆ ಕೋಪಗೊಂಡರು. ನನ್ನ ಅಭಿಪ್ರಾಯದಲ್ಲಿ ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭವಲ್ಲ. ಎರಡನೆಯದಕ್ಕೆ ಉತ್ತರ ಸ್ಪಷ್ಟವಾಗಿದೆ. ಒಂದೊಂದಾಗಿ ನೋಡೋಣ.

ದತ್ತು ಎಂದರೆ ಏನು? ಕಾನೂನಿನ ಕಣ್ಣಿನಲ್ಲಿ ದತ್ತು ಮಗುವಿಗೂ ಹೆತ್ತ ಮಗುವಿಗೂ ವ್ಯತ್ಯಾಸವಿಲ್ಲ. ನಮ್ಮ ದೇಶದ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 15ನೆಯ ಕಲಮು ಇದನ್ನು ಬಹಳ ಬಿಗಿಯಾಗಿ ಹೇಳುತ್ತದೆ: ಕ್ರಮಬದ್ಧವಾಗಿ ಆದ ದತ್ತನ್ನು ದತ್ತು ತಂದೆ ತಾಯಿಯಾಗಲಿ ಬೇರೆ ಯಾರಾಗಲಿ ರದ್ದು ಮಾಡುವಂತಿಲ್ಲ, ಮಗುವೂ ಅದನ್ನು ಬಿಟ್ಟು ಹೆತ್ತವರ ಮನೆಗೆ ಮರಳುವಂತಿಲ್ಲ. ಇದರ ಹಿಂದಿರುವ ತತ್ವ ಸರಳ. ಹೆತ್ತ ಮಗುವಿಗೆ ಕಾಯಿಲೆ ಬಂದರೆ ಅದನ್ನು ಹಿಂದಕ್ಕೆ ಕೊಡಲು ಅಂಗಡಿ ಇಲ್ಲ. ದತ್ತು ಮಗುವಿಗೂ ಹಾಗೆಯೇ. ಮಡಿಲಿಗೆ ಹಾಕಿಕೊಂಡ ಮೇಲೆ ಅದು ನಮ್ಮ ಮಗು.

ಆದರೆ ಬದುಕಿನಲ್ಲಿ ಕಷ್ಟದ ಸಂದರ್ಭಗಳೂ ಇವೆ. ಮಗುವಿಗೆ ದಿನದ 24 ಗಂಟೆಯೂ ತಜ್ಞರ ನಿಗಾ ಬೇಕಾಗಬಹುದು. ಮನೆಯ ಇತರ ಮಕ್ಕಳಿಗೆ ಅಪಾಯವಿರಬಹುದು. ತಾಯಿಯೋ ತಂದೆಯೋ ತಾವೇ ಹಾಸಿಗೆ ಹಿಡಿಯಬಹುದು. ಅಂತಹ ವೇಳೆ ನ್ಯಾಯಾಲಯದ, ಮಕ್ಕಳ ಕಲ್ಯಾಣ ಇಲಾಖೆಯ ಕಣ್ಣೆದುರಿನಲ್ಲಿ, ಮಗುವನ್ನು ಅದನ್ನು ಚೆನ್ನಾಗಿ ನೋಡಿಕೊಳ್ಳಬಲ್ಲವರಿಗೆ ಒಪ್ಪಿಸುವುದು ಕ್ರೌರ್ಯವೇ ಆಗಬೇಕೆಂದಿಲ್ಲ. ಕೆಲವೊಮ್ಮೆ ಅದೇ ಮಗುವಿಗೆ ಒಳ್ಳೆಯದೂ ಆಗಬಹುದು. ಹಾಗಾದರೆ ಸರಿ ತಪ್ಪನ್ನು ಅಳೆಯುವುದು ಹೇಗೆ? ಮೂರು ಪ್ರಶ್ನೆಗಳನ್ನು ಕೇಳಬಹುದು. ಈ ನಿರ್ಧಾರ ಮಗುವಿನ ಹಿತಕ್ಕಾಗಿಯೋ, ದೊಡ್ಡವರ ನೆಮ್ಮದಿಗಾಗಿಯೋ? ಅದಕ್ಕೆ ಮೊದಲು ಸಿಗಬಹುದಾಗಿದ್ದ ಎಲ್ಲ ಸಹಾಯವನ್ನೂ ಪ್ರಯತ್ನಿಸಿದ್ದರೇ? ಹೊಸ ಮನೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಟ್ಟ, ಪೋಷಕರಲ್ಲದ ಮೂರನೆಯವರು ಯಾರಾದರೂ ಇದ್ದರೇ?

ಮೂರನೆಯ ಪ್ರಶ್ನೆ ಎಷ್ಟು ಮುಖ್ಯ ಎಂಬುದನ್ನು ಅಮೆರಿಕ ಕಹಿಯಾದ ಅನುಭವದಿಂದ ಕಲಿತಿದೆ. 2010ರ ಏಪ್ರಿಲ್‌ನಲ್ಲಿ ಟೆನ್ನೆಸ್ಸಿ ರಾಜ್ಯದ ಮಹಿಳೆಯೊಬ್ಬರು, ಹಿಂದಿನ ವರ್ಷವಷ್ಟೇ ರಷ್ಯಾದಿಂದ ದತ್ತು ತಂದಿದ್ದ ಏಳು ವರ್ಷದ ಬಾಲಕನನ್ನು ಒಬ್ಬನೇ ಮಾಸ್ಕೋ ವಿಮಾನದಲ್ಲಿ ಕಳಿಸಿಬಿಟ್ಟರು. ಅವನ ಕೈಯಲ್ಲಿ ಒಂದು ಪತ್ರ, ಅಷ್ಟೆ. ಎರಡು ದೇಶಗಳ ನಡುವೆ ದೊಡ್ಡ ವಿವಾದವಾಯಿತು. 2012ರಲ್ಲಿ ಅಲ್ಲಿನ ನ್ಯಾಯಾಲಯ ಆ ಬಾಲಕನ ಪೋಷಣೆಯ ವೆಚ್ಚ ಕೊಡಬೇಕೆಂದು ಆಕೆಗೆ ಆದೇಶಿಸಿತು. ವಿಮಾನ ಹತ್ತಿಸಿದ ಮಾತ್ರಕ್ಕೆ ತಾಯ್ತನದ ಹೊಣೆ ಇಳಿಯುವುದಿಲ್ಲ ಎಂಬುದು ಆ ಆದೇಶದ ಸಾರ.

2013ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇನ್ನೂ ಭಯಾನಕವಾದ ಸಂಗತಿಯನ್ನು ಹೊರಗೆಡಹಿತು. ದತ್ತು ತಂದ ಮಕ್ಕಳು ಬೇಡವಾದಾಗ ಕೆಲವರು ಅಂತರಜಾಲದ ಗುಂಪುಗಳಲ್ಲಿ ಜಾಹೀರಾತು ಹಾಕಿ, ಮುಖಪರಿಚಯವೂ ಇಲ್ಲದವರಿಗೆ ಮಕ್ಕಳನ್ನು ಕೊಟ್ಟುಬಿಡುತ್ತಿದ್ದರು. ಒಂದು ಗುಂಪಿನಲ್ಲಿ ಐದು ವರ್ಷಗಳಲ್ಲಿ ಬಂದಿದ್ದ 5,029 ಬರಹಗಳನ್ನು ಪತ್ರಕರ್ತರು ಪರಿಶೀಲಿಸಿದರು. ಸರಾಸರಿ ವಾರಕ್ಕೊಂದು ಮಗುವಿನ ಜಾಹೀರಾತು ಅಲ್ಲಿತ್ತು. ಆ ಮಕ್ಕಳಲ್ಲಿ ಹೆಚ್ಚಿನವರು ಹೊರದೇಶಗಳಿಂದ ಬಂದವರು. ಇದಕ್ಕೆ ಅವರು ಬಳಸುತ್ತಿದ್ದ ಮಾತು ರೀಹೋಮಿಂಗ್. ಸಾಕಿದ ನಾಯಿ ಬೆಕ್ಕುಗಳಿಗೆ ಬೇರೆ ಮನೆ ಹುಡುಕುವುದಕ್ಕೆ ಇದ್ದ ಶಬ್ದ ಅದು. ಆ ವರದಿಯ ನಂತರ, 2014ರಲ್ಲಿ ವಿಸ್ಕಾನ್ಸಿನ್ ರಾಜ್ಯ ಇಂತಹ ಜಾಹೀರಾತು ಮತ್ತು ಹಸ್ತಾಂತರಗಳನ್ನು ತಡೆಯುವ ಕಾನೂನು ಮಾಡಿತು. ಬೇರೆ ಕೆಲವು ರಾಜ್ಯಗಳೂ ಅನುಸರಿಸಿದವು. ಓಹಾಯೋ ದಂಪತಿಯ ಪ್ರಕರಣವನ್ನು ಇವುಗಳ ಸಾಲಿಗೆ ಸೇರಿಸುವುದು ನ್ಯಾಯವಲ್ಲ. ಆದರೆ ಪತ್ರಿಕೆಗಳು ಅದೇ ರೀಹೋಮಿಂಗ್ ಶಬ್ದವನ್ನು ಇಲ್ಲೂ ಬಳಸಿದವು. ಜನರಿಗೆ ಆ ಶಬ್ದ ನೋವುಂಟುಮಾಡಿದ್ದು ಸಹಜ.

ಈಗ ಮಗುವಿನ ಕಡೆಯಿಂದ ನೋಡೋಣ. ಮನೆ ಬದಲಾದರೆ ಮಗುವಿಗೆ ಏನಾಗುತ್ತದೆ? ಇದರ ಬಗ್ಗೆ ವಿಜ್ಞಾನ ಸುಮ್ಮನೆ ಕುಳಿತಿಲ್ಲ. ರೊಮೇನಿಯಾ ದೇಶದ ಬುಕಾರೆಸ್ಟ್ ನಗರದ ಅನಾಥಾಲಯಗಳ 136 ಎಳೆಯ ಮಕ್ಕಳನ್ನು ತೆಗೆದುಕೊಂಡು ಅಮೆರಿಕದ ವಿಜ್ಞಾನಿಗಳು ಈ ಶತಮಾನದ ಆರಂಭದಲ್ಲಿ ಒಂದು ದೀರ್ಘ ಅಧ್ಯಯನ ಶುರುಮಾಡಿದರು. ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಲ್ಲಿ ಇರಿಸಲಾಯಿತು. ಸುಮಾರು ಎರಡು ವರ್ಷ ತುಂಬುವ ಮೊದಲು ಮನೆ ಸೇರಿದ ಮಕ್ಕಳು, ತಡವಾಗಿ ಸೇರಿದವರಿಗಿಂತ ಮನೆಯವರೊಂದಿಗೆ ಭದ್ರವಾದ ನಂಟನ್ನು ಬೆಳೆಸಿಕೊಂಡರು. ಬುದ್ಧಿಯ ಬೆಳವಣಿಗೆಯೂ ಹೆಚ್ಚು ಚೆನ್ನಾಗಿತ್ತು. ವರ್ಷಗಳ ನಂತರ ಅದೇ ಮಕ್ಕಳನ್ನು ನೋಡಿದಾಗ ಇನ್ನೊಂದು ಅಂಶವೂ ಕಂಡಿತು. ಮೊದಲು ಸೇರಿದ ಸಾಕುಮನೆಯಲ್ಲೇ ಉಳಿದ ಮಕ್ಕಳ ಸ್ಥಿತಿ, ಮನೆಯಿಂದ ಮನೆಗೆ ಹೋದವರ ಸ್ಥಿತಿಗಿಂತ ಉತ್ತಮವಾಗಿತ್ತು.

ಎಳೆಯ ಮಗು ಪ್ರೀತಿಯನ್ನು ಮಾತಿನಿಂದ ಅರಿಯುವುದಿಲ್ಲ. ಅತ್ತಾಗ ಅದೇ ಕೈ ಬಂದು ಎತ್ತಿಕೊಳ್ಳುತ್ತದೆ, ಅದೇ ಸ್ವರ ಸಮಾಧಾನ ಹೇಳುತ್ತದೆ ಎಂಬ ನಂಬಿಕೆ ದಿನದಿನವೂ ಮರಳಿ ಮರಳಿ ಸಿಕ್ಕಿ ಗಟ್ಟಿಯಾಗಬೇಕು. ಆ ಕೈ, ಆ ಸ್ವರ, ಮನೆಯ ವಾಸನೆ, ಊಟದ ರುಚಿ, ಭಾಷೆ ಎಲ್ಲವೂ ಒಮ್ಮೆಗೇ ಬದಲಾದರೆ ಮಗು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಚೀನಾದಿಂದ ಅಮೆರಿಕಕ್ಕೆ ಬಂದಾಗ ಆ ಬಾಲಕ ಇದನ್ನು ಒಮ್ಮೆ ಅನುಭವಿಸಿದ್ದ. ಎರಡೂವರೆ ವರ್ಷದಲ್ಲಿ ಮತ್ತೊಮ್ಮೆ ಅನುಭವಿಸಿದ. ಹೊಸ ಮನೆ ಎಷ್ಟೇ ಒಳ್ಳೆಯದಿರಲಿ, ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ವಿಜ್ಞಾನ ಹೇಳುವ ಇನ್ನೊಂದು ಮಾತೂ ಇದೆ. ಬೆಳವಣಿಗೆಗೆ ಸಂಬಂಧಿಸಿದ ಎಷ್ಟೋ ತೊಂದರೆಗಳು ಎರಡು ಮೂರು ವರ್ಷದ ಹೊತ್ತಿಗೆ ಮಾತ್ರ ಸ್ಪಷ್ಟವಾಗಿ ಕಾಣತೊಡಗುತ್ತವೆ. ಕೆಲವು ಇನ್ನೂ ತಡವಾಗಿ. ದೂರದ ಅನಾಥಾಲಯದ ಕಡತದಲ್ಲಿರುವ ನಾಲ್ಕು ಪುಟಗಳಿಂದ ಒಂದು ಮಗುವಿನ ಭವಿಷ್ಯವನ್ನು ಯಾವ ವೈದ್ಯರೂ ಪೂರ್ತಿ ಹೇಳಲಾರರು. ಆದ್ದರಿಂದ ‘ನಮಗೆ ಮೊದಲೇ ಪೂರ್ತಿ ಹೇಳಿರಲಿಲ್ಲ’ ಎಂಬ ಮಾತು ನಿಜವಾಗಿದ್ದರೂ, ಅದು ದತ್ತಿನ ಸ್ವಭಾವದಲ್ಲೇ ಇರುವ ಅನಿಶ್ಚಯ. ಹೆರುವುದರಲ್ಲೂ ಅದೇ ಅನಿಶ್ಚಯ ಇದೆ. ಮಗುವನ್ನು ಮನೆಗೆ ಕರೆತರುವವರು ಗೊತ್ತಿರುವ ಮಗುವಿನ ಜೊತೆಗೆ ಗೊತ್ತಿಲ್ಲದ ಮಗುವನ್ನೂ ಒಪ್ಪಿಕೊಂಡಿರುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ, ಆ ಮನೆಯ ನಾಲ್ಕು ಗೋಡೆಗಳ ಒಳಗೆ ಎಷ್ಟು ರಾತ್ರಿ ನಿದ್ದೆಗೆಟ್ಟರು, ಯಾವ ವೈದ್ಯರು ಏನು ಹೇಳಿದರು ಎಂಬುದು ಹೊರಗಿನ ನಮಗೆ ಕಾಣುವುದಿಲ್ಲ. ಆದ್ದರಿಂದಲೇ ಮೊದಲ ಪ್ರಶ್ನೆಯಲ್ಲಿ ತೀರ್ಪು ಕೊಡಲು ನಾವು ಅವಸರಪಡಬಾರದು. ಎರಡನೆಯ ಪ್ರಶ್ನೆಯ ಸಂಗತಿ ಬೇರೆ. ಕ್ಯಾಮೆರಾ ತೋರಿಸಿದ್ದನ್ನು ನಾವೆಲ್ಲ ನೋಡಿದ್ದೇವೆ.

ಇಲ್ಲಿ ನನ್ನ ವೃತ್ತಿಯ ಮಾತನ್ನು ಸ್ವಲ್ಪ ಹೇಳಬೇಕು. ಮಕ್ಕಳ ಕಾರ್ಯಕ್ರಮ ಚಿತ್ರೀಕರಿಸುವಾಗ ಫ್ಲೋರಿನ ಮೇಲೆ ನಿರ್ದೇಶಕರು, ಕ್ಯಾಮೆರಾದವರು, ದೀಪದವರು ಎಲ್ಲರೂ ಇರುತ್ತಾರೆ. ಎಲ್ಲರಿಗೂ ಅವರವರ ಅವಸರ. ಇನ್ನೊಂದು ಟೇಕ್ ಬೇಕು, ಮಗು ಇನ್ನೊಮ್ಮೆ ನಗಬೇಕು. ಆದರೆ ಕ್ಯಾಮೆರಾದ ಹಿಂದೆ, ಕುರ್ಚಿಯ ಅಂಚಿನಲ್ಲಿ ಒಬ್ಬ ತಾಯಿಯೋ ತಂದೆಯೋ ಕುಳಿತಿರುತ್ತಾರೆ. ಅವರಿಗೆ ಕಾರ್ಯಕ್ರಮದ ಚಿಂತೆ ಇಲ್ಲ. ಮಗುವಿನ ಕಣ್ಣು ಕೆಂಪಗಾದರೆ, ಹಸಿವಾದರೆ, ‘ಸಾಕು, ಇವತ್ತಿಗೆ ನಿಲ್ಲಿಸಿ’ ಎನ್ನುವ ಅಧಿಕಾರ ಅವರದು. ಎಷ್ಟೇ ಸಿಡಿಮಿಡಿಯಾದರೂ ನಾವು ದೀಪ ಆರಿಸುತ್ತೇವೆ.

ಫ್ಯಾಮಿಲಿ ವ್ಲಾಗಿನಲ್ಲಿ ಆ ಕುರ್ಚಿ ಖಾಲಿ. ತಾಯಿಯೇ ನಿರ್ದೇಶಕಿ, ತಂದೆಯೇ ಕ್ಯಾಮೆರಾಮನ್, ಅವರೇ ನಿರ್ಮಾಪಕರು, ಹಣ ಬರುವುದೂ ಅವರ ಖಾತೆಗೆ. ಮಗುವಿನ ಪರವಾಗಿ ಸಾಕು ಎನ್ನುವವರು ಯಾರು? ತಂದೆ ತಾಯಿ ಕೆಟ್ಟವರಾಗಿರಬೇಕಾದ ಅಗತ್ಯವೇ ಇಲ್ಲ. ಬಹಳ ಪ್ರೀತಿಯುಳ್ಳವರೇ ಆಗಿರಲಿ. ಒಬ್ಬರೇ ಎರಡು ಸ್ಥಾನಗಳಲ್ಲಿ ಕುಳಿತಾಗ ಒಂದು ಸ್ಥಾನ ಇನ್ನೊಂದನ್ನು ನುಂಗಿಹಾಕುತ್ತದೆ.

ನಮ್ಮಲ್ಲಿ ಚಲನಚಿತ್ರ, ದೂರದರ್ಶನಗಳಲ್ಲಿ ಕೆಲಸ ಮಾಡುವ ಮಕ್ಕಳಿಗೆ ರಕ್ಷಣೆ ಇದೆ. ಬಾಲಕಾರ್ಮಿಕ ಕಾಯ್ದೆಯ ಅಡಿಯಲ್ಲಿ 2017ರಲ್ಲಿ ತಿದ್ದುಪಡಿಯಾದ ಕೇಂದ್ರದ ನಿಯಮಗಳ ಪ್ರಕಾರ ಮಗುವಿನಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ಮಗುವಿನ ಸಂಪಾದನೆಯ ಕನಿಷ್ಠ ಶೇಕಡಾ 20 ಭಾಗವನ್ನು ಅದರ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ನಿಯಮಗಳು ಎಲ್ಲೆಡೆ ಪಾಲನೆಯಾಗುತ್ತವೆಂದು ಹೇಳುತ್ತಿಲ್ಲ. ಕೇಳಬಹುದಾದ ನಿಯಮವೊಂದು ಇದೆ, ಅಷ್ಟೆ.

ಅಮೆರಿಕದಲ್ಲೂ ಇಂತಹ ನಿಯಮ ಬಂದದ್ದು ಒಬ್ಬ ಬಾಲನಟನ ಕಷ್ಟದಿಂದ. ಚಾರ್ಲಿ ಚಾಪ್ಲಿನ್ನರ 1921ರ ‘ದಿ ಕಿಡ್’ ಚಿತ್ರದ ಆ ಪುಟ್ಟ ಹುಡುಗ, ಜಾಕಿ ಕೂಗನ್, ಬಾಲ್ಯದಲ್ಲಿ ಲಕ್ಷಾಂತರ ಡಾಲರ್ ಗಳಿಸಿದ್ದ. ದೊಡ್ಡವನಾದ ಮೇಲೆ ನೋಡಿದರೆ ತಾಯಿ ಮತ್ತು ಮಲತಂದೆ ಹೆಚ್ಚಿನದೆಲ್ಲವನ್ನೂ ಖರ್ಚು ಮಾಡಿದ್ದರು. 1938ರಲ್ಲಿ ನ್ಯಾಯಾಲಯಕ್ಕೆ ಹೋದ. ಕೊನೆಗೆ ಕೈಗೆ ಬಂದದ್ದು ಸುಮಾರು 1,26,000 ಡಾಲರ್ ಮಾತ್ರ. ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯ ಬಾಲನಟರ ಗಳಿಕೆಯನ್ನು ಕಾಪಾಡುವ ಕಾನೂನು ತಂದಿತು. ಇಂದಿಗೂ ಅದನ್ನು ಕೂಗನ್ ಕಾನೂನು ಎಂದೇ ಕರೆಯುತ್ತಾರೆ.

ಆದರೆ ಮನೆಯ ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ತೆಗೆದ ವೀಡಿಯೊಗಳಿಗೆ ಈ ಕಾನೂನು ಅನ್ವಯವಾಗುತ್ತಿರಲಿಲ್ಲ. ಮನೆಯಲ್ಲಿ ಆಡುತ್ತಿರುವ ಮಗುವನ್ನು ಕೆಲಸಗಾರ ಎಂದು ಯಾರು ಎಣಿಸುತ್ತಾರೆ? ಫ್ರಾನ್ಸ್ ದೇಶ 2020ರ ಅಕ್ಟೋಬರಿನಲ್ಲಿ ಅಂತರಜಾಲದ ಬಾಲತಾರೆಗಳಿಗಾಗಿ ಕಾನೂನು ಮಾಡಿತು. ಅಮೆರಿಕದಲ್ಲಿ ಮೊದಲು ಹೆಜ್ಜೆ ಇಟ್ಟದ್ದು ಇಲಿನಾಯ್ ರಾಜ್ಯ. ಅಲ್ಲಿ 2023ರಲ್ಲಿ ಅಂಗೀಕಾರವಾಗಿ 2024ರ ಜುಲೈ 1ರಿಂದ ಜಾರಿಗೆ ಬಂದ ಕಾನೂನಿನಂತೆ, ವ್ಲಾಗುಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ 16 ವರ್ಷದೊಳಗಿನ ಮಕ್ಕಳಿಗಾಗಿ ಆದಾಯದ ಒಂದು ಪಾಲನ್ನು ಬೇರೆ ಇಡಬೇಕು. 2025ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಇಂತಹ ಕಾನೂನು ಜಾರಿಯಾಯಿತು. ಅದೇ ವರ್ಷ ಮಿನೆಸೋಟ ಇನ್ನೂ ಮುಂದೆ ಹೋಗಿ, 14 ವರ್ಷದೊಳಗಿನ ಮಕ್ಕಳನ್ನು ಇಂತಹ ಸಂಪಾದನೆಯ ಕೆಲಸಕ್ಕೆ ಬಳಸುವುದನ್ನೇ ನಿರ್ಬಂಧಿಸಿತು.

ಹಣದ ಪಾಲು ಸಿಕ್ಕಿದರೆ ಸಮಸ್ಯೆ ಮುಗಿಯಿತೇ? ಇಲ್ಲ. ವಿಶೇಷ ಅಗತ್ಯವಿರುವ ಮಗುವಿನ ವಿಷಯದಲ್ಲಂತೂ ಖಂಡಿತ ಇಲ್ಲ. ಆ ಮಗು ಅಳುವುದು, ನೆಲಕ್ಕೆ ಬಿದ್ದು ಹೊರಳುವುದು, ತುತ್ತನ್ನು ಉಗುಳುವುದು ಅದರ ಸಂಕಟದ ಭಾಷೆ. ವೈದ್ಯರು ಇದನ್ನು ನೋಡಿದರೆ ಗುಟ್ಟಾಗಿ ಇಡುವುದು ಅವರ ವೃತ್ತಿಧರ್ಮ. ತಂದೆ ತಾಯಿ ನೋಡಿದರೆ ಜಗತ್ತಿಗೆಲ್ಲ ಹೇಳಬಹುದೇ? ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ಅನುಚ್ಛೇದ ಮಗುವಿಗೂ ಖಾಸಗಿ ಬದುಕಿನ ಹಕ್ಕಿದೆ ಎನ್ನುತ್ತದೆ. ಭಾರತ, ಚೀನಾ ಎರಡೂ 1992ರಲ್ಲಿ ಅದನ್ನು ಒಪ್ಪಿಕೊಂಡಿವೆ. ಅಮೆರಿಕ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ.

ಇನ್ನೊಂದು ಅಪಾಯ ಸಂಕಲನದ ಮೇಜಿನ ಮುಂದೆ ಕುಳಿತವರಿಗೆ ಚೆನ್ನಾಗಿ ಗೊತ್ತು. ಧಾರಾವಾಹಿಗೆ ಕಥೆ ಬೇಕು. ಕಥೆ ಮುಂದೆ ಸಾಗಬೇಕು. ಮೊದಲು ಕಷ್ಟ, ಆಮೇಲೆ ಪ್ರಯತ್ನ, ಕೊನೆಗೆ ಗೆಲುವು. ಅನಾಥ ಮಗು ಬಂತು, ಪ್ರೀತಿ ಸಿಕ್ಕಿತು, ಮಾತಾಡಿತು, ನಗುತ್ತ ಓಡಿತು ಎಂಬ ಕಥೆಗೆ ಲಕ್ಷ ಲಕ್ಷ ಜನ ಕಣ್ಣೊರೆಸಿಕೊಳ್ಳುತ್ತಾರೆ. ನಿಜವಾದ ಮಗು ಈ ಕಥೆಯ ಪ್ರಕಾರ ಬೆಳೆಯುವುದಿಲ್ಲ. ಒಂದು ತಿಂಗಳು ಕಲಿತ ಮಾತನ್ನು ಮರುತಿಂಗಳು ಮರೆಯಬಹುದು. ಎರಡು ವರ್ಷ ಏನೂ ಬದಲಾಗದಂತೆ ಕಾಣಬಹುದು; ಆ ಎರಡು ವರ್ಷಗಳ ಆರೈಕೆಯೇ ಅದಕ್ಕೆ ಜೀವನಾಧಾರವಾಗಿರಬಹುದು. ಅದನ್ನು ಸಂಚಿಕೆಗಳಾಗಿ ಕತ್ತರಿಸಲು ಬರುವುದಿಲ್ಲ. ಮಗುವನ್ನು ಕಥೆಯ ನಾಯಕನನ್ನಾಗಿ ಮಾಡಿದ ಮನೆ, ಕಥೆ ಏರದೆ ನಿಂತಾಗ ತಾನೂ ಸೋತಂತೆ ಭಾವಿಸುವ ಅಪಾಯವಿದೆ. ಓಹಾಯೋ ದಂಪತಿಯ ಮನಸ್ಸಿನಲ್ಲಿ ಹೀಗೇ ಆಯಿತೆಂದು ನಾನು ಹೇಳುವುದಿಲ್ಲ, ಹೇಳಲು ಆಧಾರವಿಲ್ಲ. ಈ ಬಗೆಯ ಕಾರ್ಯಕ್ರಮದ ಒತ್ತಡ ಹೇಗಿರುತ್ತದೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ದತ್ತು ತೆಗೆದುಕೊಂಡವರು ತಮ್ಮ ಅನುಭವ ಹೇಳದಿದ್ದರೆ ಬೇರೆಯವರಿಗೆ ಧೈರ್ಯ ಬರುವುದು ಹೇಗೆ? ಅಂಗವಿಕಲ ಮಕ್ಕಳನ್ನು ಮನೆಯೊಳಗೆ ಬಚ್ಚಿಟ್ಟ ಕಾಲವನ್ನು ನಾವು ದಾಟಿ ಬರಬೇಡವೇ? ಇದು ತೂಕದ ಮಾತು. ಬಚ್ಚಿಡಬೇಕಾಗಿಲ್ಲ. ಆದರೆ ತಾಯಿ ತನ್ನ ಆಯಾಸ, ತನ್ನ ಸಂತೋಷ, ತಾನು ಕಲಿತದ್ದನ್ನು ಹೇಳಬಹುದು. ಅದು ಅವಳ ಸ್ವತ್ತು. ಮಗುವಿನ ಕಾಯಿಲೆಯ ಹೆಸರು, ಹುಟ್ಟಿದ ಊರು, ಹೆತ್ತವರ ವಿಷಯ, ಸಂಕಟದ ಗಳಿಗೆ ಇವು ಮಗುವಿನ ಸ್ವತ್ತು. ಅದು ಬೆಳೆದು, ಹೇಳಬೇಕೆನಿಸಿದರೆ ತಾನೇ ಹೇಳಲಿ. ಹೇಳಲು ಶಕ್ತಿಯೇ ಬಾರದ ಮಗುವಾದರೆ ನಮ್ಮ ಹೊಣೆ ಇನ್ನೂ ಹೆಚ್ಚು.

ಇನ್ನು ಉಳಿದವರು ನಾವು, ನೋಡುವವರು. ಐದು ಡಾಲರ್ ಕೊಟ್ಟು ಚಿತ್ರದ ತುಂಡನ್ನು ಕೊಂಡವರು, ಐವತ್ತು ಲಕ್ಷ ಬಾರಿ ಆ ವೀಡಿಯೊ ನೋಡಿದವರು, ಮುಂದಿನ ಕಂತು ಯಾವಾಗ ಎಂದು ಕಾದವರು, ಎಲ್ಲರೂ ಈ ವ್ಯವಹಾರದಲ್ಲಿ ಪಾಲುದಾರರೇ. ಮಗು ಹೋಯಿತೆಂದು ತಿಳಿದ ಮೇಲೆ ಅವರಲ್ಲೇ ಅನೇಕರು ಬೆಂಕಿಯಾದರು. ಮಗುವಿಗೆ ನ್ಯಾಯ ಬೇಕೆಂದು ಮಗುವಿನ ಹೆಸರನ್ನೇ ಘೋಷಣೆ ಮಾಡಿಕೊಂಡರು. ಹೊಸ ಮನೆಯಲ್ಲಿ ಸದ್ದಿಲ್ಲದೆ ನೆಲೆಯೂರಬೇಕಾಗಿದ್ದ ಮಗುವಿನ ಹೆಸರು ಮತ್ತೆ ಊರ ಬಾಯಿಗೆ ಬಿತ್ತು. ಆಗ ನೋಡಿದ್ದು ಪ್ರೀತಿಯಿಂದ, ಈಗ ನೋಡಿದ್ದು ಕೋಪದಿಂದ. ಮಗುವಿನ ಪಾಲಿಗೆ ಎರಡೂ ಒಂದೇ. ಅದರ ಬದುಕು ಪ್ರದರ್ಶನದಲ್ಲೇ ಉಳಿಯಿತು.

ದೂರದ ದೇಶದ ತಪ್ಪನ್ನು ಎಣಿಸುವಾಗ ನಮ್ಮ ಕಡೆಗೂ ಒಂದು ನೋಟ ಬೇಕು. ಚೀನಾ 1992ರಿಂದ ಒಂದು ಲಕ್ಷ 60 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವಿದೇಶಿ ದತ್ತಿಗೆ ಕೊಟ್ಟಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಅಮೆರಿಕಕ್ಕೆ ಹೋದರು. ಕೊನೆಯ ವರ್ಷಗಳಲ್ಲಿ ಹೀಗೆ ಹೋದವರಲ್ಲಿ ಬಹುಪಾಲು ವಿಶೇಷ ಅಗತ್ಯದ ಮಕ್ಕಳು. 2024ರ ಸೆಪ್ಟೆಂಬರಿನಲ್ಲಿ, ರಕ್ತಸಂಬಂಧಿಗಳ ದತ್ತು ಬಿಟ್ಟು ಉಳಿದದ್ದನ್ನು ನಿಲ್ಲಿಸಿರುವುದಾಗಿ ಚೀನಾ ಪ್ರಕಟಿಸಿತು. ಭಾರತದಿಂದಲೂ ಮಕ್ಕಳು ವಿದೇಶಗಳಿಗೆ ದತ್ತು ಹೋಗುತ್ತಾರೆ. ವಿಶೇಷ ಅಗತ್ಯದ ಮಕ್ಕಳನ್ನು ನಮ್ಮವರಿಗಿಂತ ಹೊರಗಿನವರೇ ಹೆಚ್ಚಾಗಿ ಸ್ವೀಕರಿಸುತ್ತ ಬಂದಿರುವುದನ್ನು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಅಂಕಿಗಳು ತೋರಿಸಿವೆ. ನಮ್ಮಲ್ಲಿ ದತ್ತು ಬಯಸುವವರು ಎಳೆಯ, ಆರೋಗ್ಯವಂತ ಮಗುವಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಆ ಅಮೆರಿಕನ್ನರು ಮಗುವನ್ನು ಕೈಬಿಟ್ಟರು ಎನ್ನುವ ನಾವು, ಎತ್ತಿಕೊಳ್ಳಲೇ ಮುಂದಾಗಿಲ್ಲ ಎಂಬುದನ್ನೂ ನೆನಪಿಡಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಇಂದು ಕ್ಯಾಮೆರಾ ಇದೆ. ತಮ್ಮನ ತೊದಲು ಮಾತು, ಅಕ್ಕನ ಮಗುವಿನ ಅಳು, ತರಗತಿಯಲ್ಲಿ ನಿಧಾನವಾಗಿ ಓದುವ ಸಹಪಾಠಿಯ ತಡವರಿಕೆ ಎಲ್ಲವನ್ನೂ ಒಂದು ನಿಮಿಷದಲ್ಲಿ ಊರಿಗೆಲ್ಲ ಕಳಿಸಬಹುದು. ಕಳಿಸುವ ಮೊದಲು ಕೇಳಿಕೊಳ್ಳಿ: ಇದು ಯಾರ ಸ್ವತ್ತು? ಇವನು ಬೇಡ ಎನ್ನಬಲ್ಲನೇ? ಬೇಡ ಎನ್ನಲಾರದವನಾದರೆ, ಅವನ ಪರವಾಗಿ ಆ ಖಾಲಿ ಕುರ್ಚಿಯಲ್ಲಿ ಕುಳಿತವರು ಯಾರು?

ಆ ಮಗು ಈಗ ಹತ್ತು ವರ್ಷ ದಾಟಿದ ಹುಡುಗ. ಆ ಕುಟುಂಬದ ಚಾನೆಲ್ಲಿನಿಂದ ಅನೇಕ ವೀಡಿಯೊಗಳನ್ನು ತೆಗೆದುಹಾಕಿದರೂ, ಅವುಗಳ ನಕಲುಗಳು ಅಂತರಜಾಲದಲ್ಲಿ ಉಳಿದಿವೆ. ಅವನು ಅವುಗಳನ್ನು ಹುಡುಕುವ ದಿನ ಬರಬಹುದು, ಬಾರದಿರಬಹುದು. ನಾವು ಹುಡುಕದೆ ಇರುವುದು ಮಾತ್ರ ನಮ್ಮ ಕೈಯಲ್ಲಿದೆ. ದತ್ತನ್ನು ಕೈಬಿಡಬಹುದೇ ಎಂಬ ಕಠಿಣ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ. ಎರಡೂ ಕಡೆಯ ಮಾತನ್ನು ಕೇಳಿ. ಚರ್ಚಿಸುವಾಗ ಮಗುವಿನ ಹೆಸರಿಲ್ಲದೆಯೇ ಚರ್ಚಿಸಲು ಸಾಧ್ಯ ಎಂಬುದನ್ನೂ ತೋರಿಸಿಕೊಡಿ.